ಪೂಜೆ ಹೊತ್ತಲ್ಲಿ ಮಾತಾಡಬಾರದು

ಗುರುಪ್ರಕಾಶ ಮತ್ತೆ ತಪ್ಪೊಪ್ಪಿಕೊಂಡುಬಿಟ್ಟ. ಇನ್ನೂ ಕುರ್ಚಿಯಲ್ಲಿ ನೆಟ್ಟಗೆ ಕೂತಿರಲಿಲ್ಲ, ಆಗಲೇ ಕೈ ಜೋಡಿಸಿದ.

"ತಪ್ಪೆಲ್ಲ ನಂದೇ ಮೇಡಂ. ಇವಳದ್ದು ಏನೂ ಇಲ್ಲ. ನೀವ್ ಹೆಂಗೆ ಹೇಳ್ತೀರೋ ಹಂಗೆ ನಡ್ಕೊಂತೀನಿ."

ಪಕ್ಕದ ಕುರ್ಚಿಯಲ್ಲಿದ್ದ ಅವನ ಹೆಂಡತಿ ಅಕ್ಷತಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಜೋಡಿಸಿದ ಕೈಗಳನ್ನು ಬಿಡಿಸಿ ಎರಡು ಬಾರಿಸಬೇಕು ಅನ್ನಿಸಿತು. ಬಾರಿಸಲಿಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವ ಟೀಚರು ಅವಳು. ಬಾರಿಸಬೇಕು ಅನ್ನಿಸಿದಾಗ ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳುವುದು ಅಭ್ಯಾಸವಾಗಿತ್ತು.

ಬಟವಾಡಿಯ ಆ ಕಟ್ಟಡದಲ್ಲಿ ಕೆಳಗೆ ಹಲ್ಲಿನ ಡಾಕ್ಟರು, ಮೇಲೆ ಯಶಸ್ವಿನಿ. ಮನಸ್ಸು ಮುರಿದುಕೊಂಡ ಗಂಡಹೆಂಡಿರನ್ನು ಎದುರುಬದುರು ಕೂರಿಸಿ ಮಾತಾಡಿಸುವುದು ಆಕೆಯ ಕೆಲಸ. ವಯಸ್ಸಿನಲ್ಲಿ ಅಕ್ಷತಾಳಿಗಿಂತ ನಾಲ್ಕೈದು ವರ್ಷ ಚಿಕ್ಕವಳು. ಅದೂ ಮೊದಲ ದಿನ ಅಕ್ಷತಾಳಿಗೆ ಸರಿಬಂದಿರಲಿಲ್ಲ. ನನ್ನ ಸಂಸಾರದ ಹುಳುಕನ್ನೆಲ್ಲ ಈ ಹುಡುಗಿಯ ಮುಂದೆ ಹರವಬೇಕಾ ಅಂದುಕೊಂಡಿದ್ದಳು. ಆದರೆ ಹಟ ಹಿಡಿದು ಗಂಡನನ್ನು ಎಳೆದುಕೊಂಡು ಬಂದವಳು ತಾನೇ ಆದದ್ದರಿಂದ ತೆಪ್ಪಗಿದ್ದಳು.

ಎಳೆದುಕೊಂಡು ಬಂದದ್ದಕ್ಕೆ ಗುರುಪ್ರಕಾಶ ಗಲಾಟೆಯನ್ನೇನೂ ಮಾಡಿರಲಿಲ್ಲ. ಬದಲಿಗೆ ಮೊದಲ ದಿನವೇ ಗುಬ್ಬಿಯಲ್ಲಿದ್ದ ತಮ್ಮ ತೋಟದಿಂದ ಒಂದು ಗೊನೆ ಎಳನೀರು, ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ತಂದು ಯಶಸ್ವಿನಿಯ ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತಿದ್ದ. ಆಕೆ ಕೂರಿ ಅಂದ ಮೇಲೇ ಕೂತ. ಕೂತವನು, "ತಪ್ಪೆಲ್ಲ ನಂದೇ. ಏನ್ ದಂಡ ಹಾಕ್ತೀರೋ ಹಾಕಿ" ಅಂದ.

"ಇಲ್ಲಿ ದಂಡ ಹಾಕಲ್ಲ ಸರ್. ಯಾವ ತಪ್ಪು ಅಂತ ಹೇಳಿ."

"ಎಲ್ಲಾನೂ."

ಎಲ್ಲಾನೂ ಅಂದರೆ ಯಾವುದೂ ಅಲ್ಲ ಅಂತಲೇ ಲೆಕ್ಕ. ಎಂಟನೇ ಕ್ಲಾಸಿನ ಹುಡುಗರೂ ಹೀಗೇ. ಏನು ಮಾಡಿದೆಯೋ ಅಂತ ಕೇಳುವ ಮುಂಚೆಯೇ ಸಾರಿ ಮಿಸ್ ಅಂದು ಬೆಂಚಿನ ಕಡೆ ಓಡುತ್ತಾರೆ.

ಅವನದ್ದೂ ಒಂದು ಲೆಕ್ಕದಲ್ಲಿ ತಪ್ಪಲ್ಲ. ಅವರ ಮನೆತನದಲ್ಲಿ ಅಣ್ಣತಮ್ಮಂದಿರ ಜಗಳವಾಗಲಿ, ಗಂಡಹೆಂಡಿರ ಜಗಳವಾಗಲಿ, ತಲೆತಲಾಂತರದಿಂದ ಹೋಗಿ ನಿಲ್ಲುತ್ತಿದ್ದದ್ದು ಮಠದ ಜಗಲಿಯ ಮುಂದೆ. ಫಲ ಇಡುವುದು, ತಪ್ಪಾಯಿತು ಬುದ್ಧಿ ಅನ್ನುವುದು, ದೊಡ್ಡವರು ಹೇಳಿದ ತಪ್ಪುಕಾಣಿಕೆ ಕಟ್ಟುವುದು, ಪ್ರಸಾದ ಉಂಡು ಮನೆಗೆ ಹೋಗುವುದು. ಅಲ್ಲಿಗೆ ಮುಗಿಯಿತು. ಆಮೇಲೆ ಆ ಮಾತನ್ನು ಯಾರೂ ಎತ್ತಬಾರದು, ಎತ್ತಿದವರೇ ತಪ್ಪಿತಸ್ಥರು. ಗುರುಪ್ರಕಾಶನಿಗೆ ಬೇಕಾಗಿದ್ದದ್ದು ಆ ಕಡೆಯ ಭಾಗ ಮಾತ್ರ. ಮಾತು ಎತ್ತಬಾರದು. ಅದಕ್ಕಾಗಿ ಅವನು ಎಷ್ಟು ತಪ್ಪನ್ನು ಬೇಕಾದರೂ ಹೊರಲು ತಯಾರಿದ್ದ.

ಇವತ್ತು ಅಕ್ಷತಾ ಬಿಡುವ ಹಾಗಿರಲಿಲ್ಲ.

"ಮೇಡಂ, ಇವರು ಹಿಂಗೆ ಕೈ ಮುಗಿಯೋದನ್ನ ಮೊದಲು ನಿಲ್ಲಿಸೋಕೆ ಹೇಳಿ. ಭಿಕ್ಷೆ ಹಾಕ್ದಂಗೆ ಹಾಕ್ತಾರೆ ತಪ್ಪಾಯ್ತು ಅನ್ನೋದನ್ನ. ನಂಗೆ ಬೇಡ ಅದು."

"ನಿಮಗೆ ತುಂಬಾ ಕೋಪ ಇದೆ" ಅಂದಳು ಯಶಸ್ವಿನಿ. "ಆ ಕೋಪದ ಕೆಳಗೆ ಏನಿದೆ ಅಂತ ಒಂದ್ಸಲ ನೋಡೋಣ್ವಾ?"

"ಕೆಳಗೂ ಕೋಪಾನೇ ಇದೆ ಮೇಡಂ. ಅದರ ಕೆಳಗೆ ಇನ್ನೊಂದಿದೆ. ಅಗೀರಿ, ಎಷ್ಟು ಬೇಕಾದ್ರೂ ಅಗೀರಿ. ಅದೇ ಸಿಗೋದು."

ಯಶಸ್ವಿನಿ ಬೇಜಾರು ಮಾಡಿಕೊಳ್ಳಲಿಲ್ಲ. "ಸರಿ, ಮೇಲಿನದರಿಂದಲೇ ಶುರು ಮಾಡಿ" ಅಂದಳು. ಆ ಮಾತಿಗೆ ಅಕ್ಷತಾ ಮೊದಲ ಸಲ ಆಕೆಯನ್ನು ಸರಿಯಾಗಿ ನೋಡಿದಳು. ನೋಡಿ, ಹೇಳಿದಳು.

ಎರಡು ವರ್ಷದ ಹಿಂದೆ ಅವಳಿಗೆ ಏಳು ತಿಂಗಳಾಗಿತ್ತು. ಎಂಟಕ್ಕೆ ಬಿದ್ದ ಮೇಲೆ ಅಯ್ಯನವರನ್ನು ಕರೆಸಿ ಹೊಟ್ಟೆಯಲ್ಲಿರುವ ಕೂಸಿಗೆ ಲಿಂಗ ಕಟ್ಟಿಸಬೇಕು ಅಂತ ಅತ್ತೆ ಕಲ್ಲಮ್ಮ ದಿನ ನೋಡಿ ಇಟ್ಟಿದ್ದರು. ಆ ದಿನ ಬರಲೇ ಇಲ್ಲ. ಒಂದು ಬೆಳಗ್ಗೆ ಕೂಸು ಒದೆಯುವುದನ್ನು ನಿಲ್ಲಿಸಿತು. ಆಸ್ಪತ್ರೆಯಲ್ಲಿ ನೋವು ಬರಿಸಿ ಹೆರಿಗೆ ಮಾಡಿಸಿದರು. ಹೆಣ್ಣು ಅಂತ ನರ್ಸು ಹೇಳಿದಳು, ಅಷ್ಟೇ. ತೋರಿಸಿ ಅಂತ ಅಕ್ಷತಾ ಕೈ ಚಾಚಿದಳು. ಕಲ್ಲಮ್ಮ ಆ ಕೈಯನ್ನು ಹಿಡಿದು ಕೆಳಗಿಳಿಸಿದರು. "ಬ್ಯಾಡ ಕಣಮ್ಮ, ನೋಡಿದ್ರೆ ಕಣ್ಣಲ್ಲೇ ಉಳ್ಕಂತದೆ" ಅಂದರು. ಗುರುಪ್ರಕಾಶ ಬಿಳಿ ಬಟ್ಟೆಯಲ್ಲಿ ಸುತ್ತಿದ್ದನ್ನು ಎತ್ತಿಕೊಂಡು ಬಾಗಿಲು ದಾಟಿ ಹೋದ. ಅವನ ಬೆನ್ನು ಮಾತ್ರ ಕಂಡಿತು.

ಆಮೇಲೆ ಎರಡು ದಿನ ಅವನು ಪತ್ತೆಯಿಲ್ಲ. ಫೋನು ಸ್ವಿಚ್ ಆಫ್. ಆ ಎರಡು ದಿನದಲ್ಲೇ ಅವಳಿಗೆ ಹಾಲು ಇಳಿಯಿತು. ಕುಡಿಯುವವರಿಲ್ಲದ ಹಾಲು ರವಿಕೆ ನೆನೆಸಿ ಹಾಸಿಗೆ ನೆನೆಸಿತು. ಹಾಲು ಬತ್ತಲಿ ಅಂತ ಕಲ್ಲಮ್ಮ ಮಲ್ಲಿಗೆ ಹೂವನ್ನು ಎದೆಗೆ ಇಟ್ಟು ಬಟ್ಟೆ ಬಿಗಿದರು. ಪಕ್ಕದ ಮಂಚದ ಬಾಣಂತಿಯ ಗಂಡ ಫ್ಲಾಸ್ಕಿನಲ್ಲಿ ಬಿಸಿನೀರು ಹಿಡಿದು ದಿನಕ್ಕೆ ನಾಲ್ಕು ಸಲ ಓಡಾಡುತ್ತಿದ್ದ. ಅಕ್ಷತಾ ಪ್ರತಿ ಹೆಜ್ಜೆ ಸದ್ದಿಗೂ ಬಾಗಿಲ ಕಡೆ ನೋಡಿದಳು. ಮೂರನೆಯ ದಿನ ಬಂದವನು ಮಂಚದ ಅಂಚಿನಲ್ಲಿ ಕೂತು ನೆಲ ನೋಡಿದ. ಎಲ್ಲಿ ಮಲಗಿಸಿದ್ರಿ ಅಂದರೆ, "ತೋಟದಲ್ಲಿ" ಅಂದ. ಮುಖ ಹೆಂಗಿತ್ತು ಅಂದರೆ ಎದ್ದು ಹೋದ.

"ಇವತ್ತಿಗೂ ಅಷ್ಟೇ ಮೇಡಂ" ಅಂದಳು ಅಕ್ಷತಾ. "ತೋಟದಲ್ಲಿ. ಆ ತೋಟ ಏನು ಅಂಗೈ ಅಗಲ ಇದೆಯಾ? ಯಾವ ಮರ, ಯಾವ ಬದು, ಏನೂ ಗೊತ್ತಿಲ್ಲ ನಂಗೆ. ನಾನು ಹೆತ್ತೋಳು. ಇವರು ಆ ಎರಡು ದಿನ ಎಲ್ಲಿಗೆ ಹೋಗಿದ್ರು? ಕೂಸಿನ ಮುಖ ನೋಡಿದ್ರಾ? ಕೇಳಿ ಇವರನ್ನ."

ಯಶಸ್ವಿನಿ ಕೇಳಿದಳು. ಗುರುಪ್ರಕಾಶ ತುಟಿ ಬಿಗಿ ಹಿಡಿದು ಮೇಜಿನ ಮೇಲಿದ್ದ ನೀರಿನ ಲೋಟವನ್ನು ನೋಡುತ್ತ ಕೂತ. ಗಾಜಿನ ಕಿಟಕಿಯಾಚೆ ಹೆದ್ದಾರಿಯ ಲಾರಿಗಳು ಹೋಗುತ್ತಲೇ ಇದ್ದವು.

"ನೋಡಿ" ಅಂದಳು ಯಶಸ್ವಿನಿ ಕೊನೆಗೆ, ಇಬ್ಬರಿಗೂ. "ಅಕ್ಷತಾ ಅವರು ಬಾಗಿಲು ಬಡೀತಿದ್ದಾರೆ. ಒಳಗಿರೋರು ಆ ಸದ್ದಿಗೆ ಹೆದರಿ ಇನ್ನೊಂದು ಅಗಳಿ ಹಾಕ್ತಾರೆ. ಅಗಳಿ ಹಾಕಿದ ಸದ್ದು ಕೇಳಿ ಇವರು ಇನ್ನೂ ಜೋರಾಗಿ ಬಡೀತಾರೆ. ಇಬ್ಬರಿಗೂ ಬೇಕಾಗಿರೋದು ಒಂದೇ, ಇನ್ನೊಬ್ಬರು ನನ್ನ ಕೈ ಬಿಡಲ್ಲ ಅನ್ನೋ ಭರವಸೆ."

ಚೆನ್ನಾಗೇ ಹೇಳಿದಳು. ಆದರೆ ಎರಡು ವರ್ಷ ಬಡಿದು ಗೆಣ್ಣು ಕಿತ್ತುಹೋದವಳಿಗೆ ಬಾಗಿಲ ಉಪಮೆ ಕೇಳಿ ಸಮಾಧಾನ ಆಗುವುದಿಲ್ಲ. ಅಕ್ಷತಾಳ ಕೋಪ ಈಗ ಯಶಸ್ವಿನಿಯ ಮೇಲೂ ಒಂದಿಷ್ಟು ಹರಿಯಿತು. ಹೊರಡುವಾಗ ಆಕೆ ಹೋಂವರ್ಕ್ ಕೊಟ್ಟಳು, ಮಕ್ಕಳಿಗೆ ಕೊಡುವ ಹಾಗೆ. ದಿನಾ ಸಂಜೆ ಸ್ವಲ್ಪ ಹೊತ್ತು ಇಬ್ಬರೂ ಎದುರುಬದುರು ಕೂತು, ಎರಡೂ ಕೈ ಹಿಡಿದು, ಮಾತಿಲ್ಲದೆ ಮುಖ ನೋಡಬೇಕು.

"ಮಾತಿಲ್ಲದೆ ಕೂರೋಕೆ ಇವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ" ಅಂದು ಅಕ್ಷತಾ ಚಪ್ಪಲಿ ಮೆಟ್ಟಿದಳು.

ಅವಳು ಹಾಗೆ ಅಂದದ್ದಕ್ಕೆ ಕಾರಣವಿತ್ತು. ಗುರುಪ್ರಕಾಶನಿಗೆ ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಲೇತ್ ಮಿಷನ್ನಿನ ಒಂದು ಶೆಡ್ಡು. ದಿನವಿಡೀ ಕಬ್ಬಿಣ ಕೊರೆಯುವ ಸದ್ದು, ಅಲ್ಲಿ ಮಾತಿಗೆ ಜಾಗವಿಲ್ಲ. ಮನೆಗೆ ಬಂದರೆ ಸ್ನಾನ, ಲಿಂಗಪೂಜೆ. ಮದುವೆಯಾದ ಹೊಸದರಲ್ಲಿ ಅವನ ಪೂಜೆ ಹತ್ತು ನಿಮಿಷದ್ದು. ಕೊರಳಿನ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗ ತೆಗೆದು, ಎಡ ಅಂಗೈಯಲ್ಲಿಟ್ಟು, ವಿಭೂತಿ ಪತ್ರೆ ಏರಿಸಿ, ಕಣ್ಣು ನೆಟ್ಟು ನೋಡಿ, ಮುಗಿಸಿ ಊಟಕ್ಕೆ ಬರುತ್ತಿದ್ದ. ಅಕ್ಷತಾಳ ಕೊರಳಲ್ಲೂ ಲಿಂಗವಿತ್ತು. ಅವಳ ಪೂಜೆ ಇನ್ನೂ ಚಿಕ್ಕದು, ಸ್ಕೂಲಿನ ಬಸ್ಸು ಕಾಯುವುದಿಲ್ಲವಲ್ಲ. ಆದರೆ ಕೂಸು ಹೋದ ಮೇಲೆ ಗುರುಪ್ರಕಾಶನ ಪೂಜೆ ಬೆಳೆಯುತ್ತ ಹೋಯಿತು. ಬೆಳಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ, ದೇವರಮನೆಯ ಬಾಗಿಲು ಹಾಕಿಕೊಂಡು.

ನೆಂಟರೆಲ್ಲ ಹೊಗಳಿದರು. ದುಃಖ ಬಂದಾಗ ಕುಡಿತಕ್ಕೆ ಬೀಳುವ ಗಂಡಸರ ನಡುವೆ ಶಿವನಿಗೆ ಬಿದ್ದಿದ್ದಾನೆ ಅಂದರು. ಅಕ್ಷತಾಳಿಗೆ ಮಾತ್ರ ಕುಡುಕನೇ ವಾಸಿ ಅನ್ನಿಸುತ್ತಿತ್ತು. ಕುಡುಕನ ಮೇಲೆ ಕೂಗಾಡಬಹುದು, ಊರೆಲ್ಲ ಅಯ್ಯೋ ಅನ್ನುತ್ತದೆ. ಲಿಂಗ ಹಿಡಿದು ಕೂತವನ ಮೇಲೆ ಕೂಗಾಡಿದರೆ ಹೆಂಡತಿಯೇ ಚಂಡಿ.

ಅವತ್ತು ಸಂಜೆ ಸದಾಶಿವನಗರದ ಮನೆಯಲ್ಲಿ ಹೋಂವರ್ಕ್ ಶುರುವಾಯಿತು. ಕಲ್ಲಮ್ಮ ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ರೂಮಿನಲ್ಲಿ ಅಕ್ಷತಾ ಮಂಚದ ಮೇಲೆ ಕೂತು ಎರಡೂ ಕೈ ಚಾಚಿದಳು. ಗುರುಪ್ರಕಾಶ ಬಲಗೈ ಕೊಟ್ಟ. ಎಡಗೈಯನ್ನು ತೊಡೆಯ ಮೇಲೆ ಮುಷ್ಟಿ ಮಾಡಿ ಇಟ್ಟುಕೊಂಡ.

"ಎರಡೂ ಅಂದಿದ್ರು."

"ಇದು ಪೂಜೆ ಕೈ ಕಣೇ. ಇದೊಂದು ಬಿಡು."

"ನಾನು ಮುಟ್ಟಿದ್ರೆ ಮೈಲಿಗೆ ಆಗುತ್ತಾ? ಲಿಂಗ ಕಟ್ಕೊಂಡೋರಿಗೆ ಮೈಲಿಗೆ ಇಲ್ಲ ಅಂತ ನಿಮ್ಮಪ್ಪಾನೇ ಊರಿಗೆಲ್ಲ ಹೇಳ್ತಿದ್ರು."

ಅವನು ಒಂದೆರಡು ಕ್ಷಣ ಅವಳ ಮುಖದ ಕಡೆ ಕಣ್ಣೆತ್ತಿದ. ಬಿಸಿ ಪಾತ್ರೆ ಮುಟ್ಟಿದವನ ಹಾಗೆ ತಟ್ಟನೆ ಕಣ್ಣು ಕಿತ್ತುಕೊಂಡ. "ಪೂಜೆ ಹೊತ್ತಾಯ್ತು" ಅಂದು ಎದ್ದೇಬಿಟ್ಟ. ಒಂದು ಗಂಟೆ ಕಲ್ಲನ್ನು ಎವೆಯಿಕ್ಕದೆ ನೋಡುವವನಿಗೆ ಹೆಂಡತಿಯ ಮುಖವನ್ನು ಎರಡು ಕ್ಷಣ ನೋಡಲು ಆಗಲಿಲ್ಲ. ಅಕ್ಷತಾ ಹಜಾರಕ್ಕೆ ಬಂದು ಮುಚ್ಚಿದ ದೇವರಮನೆಯ ಬಾಗಿಲ ಮುಂದೆ ನಿಂತಳು. ಅದಕ್ಕೆ ಒಳಗಿನಿಂದ ಚಿಲಕವೂ ಇರಲಿಲ್ಲ. ಪೂಜೆಯ ಹೊತ್ತಿನಲ್ಲಿ ಆ ಮನೆಯಲ್ಲಿ ಆ ಬಾಗಿಲನ್ನು ಯಾರೂ ತಳ್ಳುವುದಿಲ್ಲ, ಚಿಲಕ ಯಾಕೆ ಬೇಕು?

"ರೀ" ಅಂದಳು ಗಟ್ಟಿಯಾಗಿ.

"ಶ್" ಅಂದರು ಕಲ್ಲಮ್ಮ ಅಡುಗೆಮನೆಯಿಂದ. "ಪೂಜೆ ಹೊತ್ತಲ್ಲಿ ಮಾತಾಡ್ಬಾರ್ದು ಕಣಮ್ಮ. ಬಂದ ಮೇಲೆ ಜಗಳ ಆಡುವಂತೆ."

ಬಂದ ಮೇಲೆ ಊಟ, ಊಟವಾದ ಮೇಲೆ ನಿದ್ದೆ. ಜಗಳಕ್ಕೆ ಆ ಮನೆಯಲ್ಲಿ ಯಾವ ಹೊತ್ತೂ ಇರಲಿಲ್ಲ.

ಮುಂದಿನ ವಾರ ಯಶಸ್ವಿನಿಯ ಎದುರು ಅಕ್ಷತಾ ಎಲ್ಲ ಹೇಳಿದಳು. ಮುಷ್ಟಿಯದ್ದೂ ಹೇಳಿದಳು. ಯಶಸ್ವಿನಿ ಗುರುಪ್ರಕಾಶನ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದಳು.

"ಸರ್, ಇವರ ಮುಖ ನೋಡಿದಾಗ ನಿಮಗೆ ಏನಾಗುತ್ತೆ?"

ಅವನು ಬಾಯಿ ತೆರೆದ. ಹೇಳುತ್ತಾನೆ ಅನ್ನಿಸಿತು. ಅಕ್ಷತಾ ಉಸಿರು ಹಿಡಿದಳು. ಕೋಪವನ್ನೂ ಹಿಡಿದುಕೊಂಡಳು, ನೆಲಕ್ಕೆ ಬಿದ್ದು ಸದ್ದಾದರೆ ಎಲ್ಲಿ ಹೆದರಿಬಿಡುತ್ತಾನೋ ಅಂತ. ಅವಳು ಇಷ್ಟು ಆಸೆಪಟ್ಟು ಅವನ ಬಾಯಿಯನ್ನು ನೋಡಿ ಎಷ್ಟೋ ಕಾಲವಾಗಿತ್ತು.

ಗುರುಪ್ರಕಾಶ ಎದ್ದು ನಿಂತ. "ತಪ್ಪಾಯ್ತು ಮೇಡಂ. ಸಂಜೆ ಪೂಜೆಗೆ ಹೊತ್ತಾಯ್ತು" ಅಂದು ಬಾಗಿಲು ತೆಗೆದು ಹೊರಟೇಹೋದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಕೇಳಿಸಿತು. ಅದೇ ಬೆನ್ನು, ಆಸ್ಪತ್ರೆಯ ಬಾಗಿಲು ದಾಟಿದ ಅದೇ ಬೆನ್ನು.

ಅಕ್ಷತಾ ಓಡಿಹೋಗಿ ಕೆಳಗೆ ಹಲ್ಲಿನ ಡಾಕ್ಟರ ಬಾಗಿಲಲ್ಲೇ ಅವನನ್ನು ಹಿಡಿದಳು. ಕೆನ್ನೆ ಹಿಡಿದು ಕೂತಿದ್ದ ರೋಗಿಗಳೆಲ್ಲ ತಮ್ಮ ನೋವು ಮರೆತು ಇವರನ್ನು ನೋಡಿದರು. ನೋಡಲಿ ಅಂತಲೇ ಅವಳು ದನಿ ಇಳಿಸಲಿಲ್ಲ.

"ಭಾನುವಾರ ಬೆಳಗ್ಗೆ ತನಕ ಟೈಮು. ಮಗು ಎಲ್ಲಿದೆ, ಹೆಂಗಿತ್ತು, ನೀವೆಲ್ಲಿದ್ರಿ, ಇಷ್ಟು ಹೇಳಿ. ಹೇಳಲಿಲ್ಲ ಅಂದ್ರೆ ನಾನು ಕುಣಿಗಲ್ ಬಸ್ ಹತ್ತೀನಿ. ಕರ್ಕೊಂಡು ಬರೋಕೆ ಹಿರೀಕರನ್ನ ಕಳಿಸ್ಬೇಡಿ, ನಾನು ಬರಲ್ಲ."

ಕುಣಿಗಲ್ಲಿನಲ್ಲಿ ಅವಳ ತವರು. ಜಗಳವಾಡಿ ತವರಿಗೆ ಹೋಗುತ್ತೇನೆ ಅನ್ನುವ ಮಾತನ್ನು ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಆಡಿರಲಿಲ್ಲ. ಆಡಿದ್ದು ಆಟಕ್ಕಲ್ಲ ಅಂತ ಗುರುಪ್ರಕಾಶನಿಗೂ ಗೊತ್ತಿತ್ತು. ಅವನ ಮುಖ ಬಿಳುಚಿತು. ಸ್ಕೂಟರ್ ಸ್ಟಾರ್ಟ್ ಮಾಡಿ, ಅವಳು ಹಿಂದೆ ಹತ್ತಲಿ ಅಂತ ಕಾದ. ಅವಳು ಆಟೋ ಹಿಡಿದಳು.

ಭಾನುವಾರ ಬಂತು. ಶುಕ್ರವಾರ ಶನಿವಾರವೂ ಬಂದು ಹೋಗಿದ್ದವು, ಅವನು ಒಂದು ಅಕ್ಷರ ಆಡಿರಲಿಲ್ಲ. ಬೆಳಗ್ಗೆ ಅಕ್ಷತಾ ಸೂಟ್‌ಕೇಸನ್ನು ತಂದು ಹಜಾರದ ನಡುವೆ ನಿಲ್ಲಿಸಿದಳು. ಕಲ್ಲಮ್ಮ ಅದನ್ನು ನೋಡಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದರು.

"ಇದೇನಮ್ಮ ಇದು?"

"ಕುಣಿಗಲ್‌ಗೆ ಹೋಗ್ತಿದೀನಿ ಅತ್ತೆ."

"ಹಬ್ಬ ಇಲ್ಲ ಹುಣ್ಣಿಮೆ ಇಲ್ಲ, ಎಷ್ಟ್ ದಿನಕ್ಕೆ?"

"ನಿಮ್ಮ ಮಗನ ಪೂಜೆ ಮುಗಿಯೋ ತನಕ."

ಕಲ್ಲಮ್ಮನಿಗೆ ಅರ್ಥವಾಗಿ ಕಣ್ಣು ತುಂಬಿತು. ಆ ಮುದುಕಿಯ ಮೇಲೆ ಅಕ್ಷತಾಳಿಗೆ ಸಿಟ್ಟೂ ಇತ್ತು, ಕನಿಕರವೂ ಇತ್ತು. ಕೈ ಹಿಡಿದು ಕೆಳಗಿಳಿಸಿದವರು ಅವರೇ, ಬೆಚ್ಚಗೆ ನೀರು ಹಾಕಿ ಬಾಣಂತನ ಮಾಡಿದವರೂ ಅವರೇ. "ಒಂದ್ಗಳಿಗೆ ಇರಮ್ಮ, ಅವನು ಪೂಜೆಗೆ ಕೂತವ್ನೆ. ಬರ್ಲಿ, ಕೂತ್ಕೊಂಡು ಮಾತಾಡುವ" ಅಂದರು.

ಕಾಯುವುದಕ್ಕೂ ಒಂದು ಕೊನೆ ಇರುತ್ತದೆ. ತನ್ನ ಮದುವೆ ಮುರಿಯುವ ಬೆಳಗ್ಗೆಯೂ ಬಾಗಿಲು ಹಾಕಿಕೊಂಡು ಕೂತಿದ್ದಾನಲ್ಲ ಈ ಮನುಷ್ಯ ಅಂತ ಅಕ್ಷತಾಳ ತಲೆಯಲ್ಲಿ ಏನೋ ಹರಿದುಹೋಯಿತು. ನೇರವಾಗಿ ಹೋಗಿ ದೇವರಮನೆಯ ಬಾಗಿಲನ್ನು ಎರಡೂ ಕೈಯಿಂದ ತಳ್ಳಿದಳು. ಹಿಂದಿನಿಂದ ಕಲ್ಲಮ್ಮ "ಶಿವಶಿವಾ" ಅಂದದ್ದು ಕೇಳಿಸಿತು.

ಗುರುಪ್ರಕಾಶ ಮಣೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ. ಹಣೆಯ ತುಂಬ ವಿಭೂತಿ. ದೀಪ ಉರಿಯುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಬೆಳ್ಳಿಯ ಕರಡಿಗೆ ಬಾಯ್ತೆರೆದು ಬಿದ್ದಿತ್ತು. ಎಡಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಅಂಗೈಯ ಮೇಲೆ ಮೂರು ಬೆರಳಿನ ವಿಭೂತಿಯ ಗೆರೆಯಿತ್ತು, ಒಂದು ಬಿಲ್ವಪತ್ರೆಯಿತ್ತು. ಲಿಂಗ ಇರಲಿಲ್ಲ.

ಅವಳು ಕರಡಿಗೆಯೊಳಗೆ ನೋಡಿದಳು. ಅದೂ ಖಾಲಿ. ಗುರುಪ್ರಕಾಶ ಗಾಬರಿಯಿಂದ ಮುಷ್ಟಿ ಮುಚ್ಚಿದ.

ಕಲ್ಲಮ್ಮನ ಹೆಜ್ಜೆ ಹತ್ತಿರ ಬರುತ್ತಿತ್ತು. ಅಕ್ಷತಾ ಒಳಗೆ ನಿಂತು ಬಾಗಿಲನ್ನು ಮುಚ್ಚಿ ಬೆನ್ನು ಕೊಟ್ಟಳು. ಯಾಕೆ ಹಾಗೆ ಮಾಡಿದಳೋ ಅವಳಿಗೇ ತಿಳಿಯಲಿಲ್ಲ. ಬಿಟ್ಟಿದ್ದರೆ ಅವನ ಮಾನ ಅಲ್ಲೇ ಹರಾಜಾಗುತ್ತಿತ್ತು. ಲಿಂಗ ಬಿಟ್ಟವನು ನಮ್ಮ ಮನೆಯ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ ಅಂತ ಸಾಯುವ ತನಕ ಹೇಳುತ್ತಿದ್ದ ಮನುಷ್ಯನ ಮಗ ಅವನು.

"ಎಲ್ಲಿ ಲಿಂಗ?" ಅಂದಳು, ಹಲ್ಲು ಕಚ್ಚಿ.

ಅವನು ಮುಷ್ಟಿಯನ್ನು ತೊಡೆಯ ಕೆಳಗೆ ಸರಿಸಿದ.

"ಇವತ್ತು ತಪ್ಪಾಯ್ತು ಅಂದ್ರೆ ಈ ದೀಪ ಎತ್ತಿ ಬಿಸಾಕ್ತೀನಿ. ಎಲ್ಲಿ?"

"ಅವಳ ಹತ್ರ ಇದೆ" ಅಂದ ಗುರುಪ್ರಕಾಶ.

ಯಾರ ಹತ್ತಿರ ಅಂತ ಅಕ್ಷತಾ ಕೇಳಲಿಲ್ಲ. ಬಾಗಿಲಿಗೆ ಒರಗಿದ ಹಾಗೇ ನೆಲದ ಮೇಲೆ ಕೂತಳು. ಅವನು ದೀಪದ ಕಡೆ ನೋಡುತ್ತ ಹೇಳಿದ. ಎರಡು ವರ್ಷ ಕಟ್ಟಿಟ್ಟದ್ದು ತುಂಡುತುಂಡಾಗಿ ಬಂತು.

"ಗುಬ್ಬಿಗೆ ತಗೊಂಡು ಹೋದೆ. ದೊಡ್ಡಪ್ಪ ರುದ್ರಯ್ಯ ಬಂದಿದ್ರು. ಲಿಂಗ ಕಟ್ಟದೇ ಇರೋ ಕೂಸು, ಹಿರೀಕರ ಸಮಾಧಿ ಸಾಲಿಗೆ ಬ್ಯಾಡ, ಬೇಲಿ ಹತ್ರ ಎಲ್ಲಾದ್ರೂ ಮುಚ್ಚಾಕು ಅಂದ್ರು. ಹೂಂ ಅಂದೆ. ಅವರು ಊರಿಗೆ ಹೋಗೋ ತನಕ ಎತ್ಕೊಂಡೇ ಕೂತಿದ್ದೆ. ಆಮೇಲೆ ಅಜ್ಜಿ ಸಮಾಧಿ ಪಕ್ಕದಲ್ಲೇ ಅಗೆದೆ. ನಂದು ಬಿಚ್ಚಿ ಅವಳಿಗೆ ಕೊಟ್ಟೆ. ಲಿಂಗ ಇತ್ತಲ್ಲ ಈಗ, ಯಾರು ಏನ್ ಹೇಳೋಕಾಗುತ್ತೆ? ಅಂಗೈಲಿಡೋಣ ಅಂದ್ರೆ ಹಿಡೀಲಿಲ್ಲ ಕಣೇ. ಅಷ್ಟೇ ಅಷ್ಟು ಕೈ. ಎದೆ ಮೇಲಿಟ್ಟೆ."

"ಆ ಎರಡು ದಿನ?"

"ಹೊಸ ಮಣ್ಣು, ನಾಯಿಗಳು ಕೆರೀತವೆ. ಕಲ್ಲು ಹೊತ್ತು ಜೋಡಿಸ್ದೆ, ಮುಳ್ಳು ಹಾಕ್ದೆ. ಆದ್ರೂ ಎದ್ದು ಬರೋಕೆ ಆಗ್ಲಿಲ್ಲ. ಕಾಯ್ತಾ ಕೂತಿದ್ದೆ."

"ಒಂದು ಫೋನು."

"ಮಾಡಿದ್ರೆ ನೀನು ಮುಖ ಕೇಳ್ತಿದ್ದೆ." ಅವನ ದನಿ ಒಡೆಯಿತು. "ನೋಡ್ದೆ ಕಣೇ. ಬಟ್ಟೆ ಬಿಚ್ಚಿ ನೋಡ್ದೆ. ನಿಂದೇ ಮುಖ. ನಿನ್ನ ಕಡೆ ತಿರುಗಿದ್ರೆ ಸಾಕು, ಅದೇ ಬರುತ್ತೆ ಕಣ್ಣಿಗೆ. ನಿನ್ನೆದುರು ಅತ್ರೆ ನೀನು ಏನಾಗ್ತೀಯೋ ಅಂತ... ಇಲ್ಲಿ ಬಂದು ಕೂತ್ಕೊಂತೀನಿ. ಈ ಅಂಗೈ ಎತ್ತಿ ಹಿಡಿದ್ರೆ ಅವಳು ಕಾಣ್ತಾಳೆ."

ಅವನು ಮುಗಿಸಿದ. ಈಗ ಹೆಂಡತಿ ಅಳುತ್ತಾಳೆ, ತಾನೂ ಅಳಬಹುದು ಅಂದುಕೊಂಡಿದ್ದನೋ ಏನೋ. ಅಕ್ಷತಾಳಿಗೆ ಅಳು ಬರಲಿಲ್ಲ. ಎರಡು ವರ್ಷದ ಕೋಪವೆಲ್ಲ ಸೇರಿದರೂ ಇಷ್ಟಾಗಿರಲಿಲ್ಲ, ಅಂಥ ಕೋಪ ಬಂತು. ಅವಳು ಯಾವತ್ತೂ ಅವನನ್ನು ನೀವು ಅಂತಲೇ ಅನ್ನುತ್ತಿದ್ದವಳು. ಅದು ಆ ದೇವರಮನೆಯ ಹೊಸ್ತಿಲಲ್ಲೇ ಬಿದ್ದುಹೋಯಿತು.

"ದಿನಾ ನೋಡ್ತಿದ್ದೆ ನೀನು" ಅಂದಳು. "ದಿನಾ ಎರಡು ಗಂಟೆ, ಬಾಗಿಲು ಹಾಕ್ಕೊಂಡು, ನನ್ನ ಮಗಳನ್ನ ನೀನೊಬ್ಬನೇ ನೋಡ್ತಿದ್ದೆ. ನಾನು ಈ ಬಾಗಿಲಾಚೆ ಚಪಾತಿ ಬೇಯಿಸ್ತಿದ್ದೆ. ನಾನು ಕೈ ಚಾಚಿದ್ದೆ ಕಣೋ. ಒಂದೇ ಒಂದ್ಸಲ ತೋರಿಸಿ ಅಂತ ಕೈ ಚಾಚಿದ್ದೆ. ನನ್ನ ಕಣ್ಣಿಗೆ ಏನೂ ಇಲ್ಲ. ಕಣ್ಣು ಮುಚ್ಚಿದ್ರೆ ಬಿಳಿ ಬಟ್ಟೆ ಕಾಣುತ್ತೆ, ನಿನ್ನ ಬೆನ್ನು ಕಾಣುತ್ತೆ, ಅಷ್ಟೇ. ನೀನು ಕಲ್ಲು ಅಂದ್ಕೊಂಡು ಎರಡು ವರ್ಷ ನಿನ್ನ ಶಪಿಸ್ದೆ. ಕಲ್ಲಾಗಿದ್ರೆ ಕ್ಷಮಿಸ್ತಿದ್ದೆನೋ ಏನೋ. ಅವಳ ಮುಖಾನ ನನ್ನಿಂದ ಬಚ್ಚಿಟ್ಟೋನನ್ನ ಹೆಂಗೆ ಕ್ಷಮಿಸ್ಲಿ?"

ಗುರುಪ್ರಕಾಶನ ಕೈಗಳು ಅಭ್ಯಾಸಬಲದಿಂದ ಜೋಡಿಸಲು ಎದ್ದವು. ಅವಳ ಕಣ್ಣು ನೋಡಿ ಅರ್ಧಕ್ಕೇ ನಿಂತವು.

ಬಾಗಿಲ ಮೇಲೆ ಮೆಲ್ಲಗೆ ಬಡಿದ ಸದ್ದಾಯಿತು. "ಏನ್ ನಡೀತಿದೆ ಒಳಗೆ?" ಅಂದರು ಕಲ್ಲಮ್ಮ. "ಅಕ್ಷತಾ, ಪೂಜೆ ಹೊತ್ತು ಕಣಮ್ಮ, ಹೊರಗೆ ಬಾ. ಪ್ರಕಾಶ?"

ಗುರುಪ್ರಕಾಶ ಖಾಲಿ ಕರಡಿಗೆಯ ಮುಚ್ಚಳವನ್ನು ತಡಬಡಿಸಿ ಮುಚ್ಚಿದ. ಅವನ ಮರ್ಯಾದೆ ಈಗ ಪೂರ್ತಿ ಅವಳ ಬಾಯಲ್ಲಿತ್ತು.

"ಪೂಜೆ ನಡೀತಿದೆ ಅತ್ತೆ" ಅಂದಳು ಅಕ್ಷತಾ, ಬಾಗಿಲಿಗೆ ಒರಗಿದ ಬೆನ್ನನ್ನು ಸರಿಸದೆ. "ಇವತ್ತು ತಡ ಆಗುತ್ತೆ. ನೀವು ತಿಂಡಿ ತಿಂದ್ಬಿಡಿ."

ಆಚೆ ಹೆಜ್ಜೆಗಳು ಅಡುಗೆಮನೆಯ ಕಡೆ ಹೋದವು.

ಅಕ್ಷತಾ ನೆಲದ ಮೇಲೆಯೇ ಸರಿದು ಅವನ ಎದುರಿಗೆ ಬಂದು ಕೂತಳು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. ಅವನ ಎಡಗೈಯ ಮಣಿಕಟ್ಟನ್ನು ಹಿಡಿದು ಎಳೆದುಕೊಂಡು, ಮುಷ್ಟಿಯ ಒಂದೊಂದು ಬೆರಳನ್ನೂ ಬಿಡಿಸಿದಳು. ಮೆತ್ತಗೇನೂ ಬಿಡಿಸಲಿಲ್ಲ. ನಲುಗಿದ ಪತ್ರೆ ಕೆಳಗೆ ಬಿತ್ತು. ವಿಭೂತಿ ಅವಳ ಕೈಗೂ ಅಂಟಿತು.

"ಮಧ್ಯಾಹ್ನ ಗುಬ್ಬಿಗೆ ಹೋಗ್ತೀವಿ. ಜಾಗ ತೋರಿಸ್ತೀಯ. ಅಲ್ಲಿಂದ ನಾನು ಕುಣಿಗಲ್‌ಗೆ ಹೋಗ್ತೀನೋ ಮನೆಗೆ ಬರ್ತೀನೋ ನಂಗೇ ಗೊತ್ತಿಲ್ಲ, ಕೇಳ್ಬೇಡ. ಈಗ ಹೇಳು. ಹಣೆಯಿಂದ ಶುರು ಮಾಡು. ಹುಬ್ಬು, ಮೂಗು, ಕಿವಿ, ಒಂದೂ ಬಿಡಂಗಿಲ್ಲ."

ಅವನು ಅವಳ ಕೈಯೊಳಗಿನ ತನ್ನ ಅಂಗೈಯ ಕಡೆ ಕಣ್ಣಿಳಿಸಿದ.

"ಅಲ್ಲಿ ನೋಡ್ಬೇಡ" ಅಂದಳು ಅಕ್ಷತಾ. "ನನ್ನದೇ ಮುಖ ಅಂದ್ಯಲ್ಲ. ಇಲ್ಲಿ ನೋಡ್ಕೊಂಡು ಹೇಳು."

ಗುರುಪ್ರಕಾಶ ಕಣ್ಣೆತ್ತಿದ. ಕಣ್ಣು ತುಂಬಿ ಹರಿಯುತ್ತಿತ್ತು. ಅವಳು ಒರೆಸಲಿಲ್ಲ, ಒರೆಸಿಕೊಳ್ಳಲು ಅವನ ಕೈಯನ್ನು ಬಿಡಲೂ ಇಲ್ಲ.

"ಹಣೆ ಅಗಲ" ಅಂದ ಅವನು. "ನಿಂದರ ಹಂಗೇ, ಇಲ್ಲಿ ಸ್ವಲ್ಪ ಉಬ್ಬಿತ್ತು."

"ಹೂಂ" ಅಂದಳು ಅಕ್ಷತಾ, ಇನ್ನೂ ಸಿಟ್ಟಿನಲ್ಲೇ. "ಮುಂದೆ."